ಗಾಳಿಮಾವನ ಮೂಗು

ಆ ದೋಣಿಯಲ್ಲಿ ಮೀನಿನ ಹಾಗೆ ಈಜುವವರು ನಾಲ್ಕಾರು ಮಂದಿ ಇದ್ದರು. ಆದರೆ ಅವರೆಲ್ಲರ ಉಸಿರು ಇದ್ದದ್ದು ಎಡಗಾಲು ಎಳೆದುಕೊಂಡು ನಡೆಯುವ, ನೀರಿಗೆ ಇಳಿಯುವುದನ್ನೇ ಬಿಟ್ಟ ಒಬ್ಬನ ಕೈಯಲ್ಲಿ. ಅವನನ್ನು ಎಲ್ಲರೂ ಗಾಳಿಮಾವ ಎನ್ನುತ್ತಿದ್ದರು. ಗಾಳಿ ಏಕೆಂದರೆ, ಸಮುದ್ರದೊಳಗೆ ಮುಳುಗುವವರು ಬೆನ್ನಿಗೆ ಕಟ್ಟಿಕೊಳ್ಳುವ ಸಿಲಿಂಡರುಗಳಿಗೆ ಗಾಳಿ ತುಂಬುವುದು ಅವನ ಕೆಲಸ. ಮಾವ ಏಕೆಂದರೆ, ಅತಿಥಿಗಳನ್ನು ನೀರಿನೊಳಗೆ ಕರೆದೊಯ್ಯುವ ಗೈಡು ಅವನ ಸ್ವಂತ ಅಕ್ಕನ ಮಗ. ಅಳಿಯ ಮೊದಲ ದಿನ ‘ಮಾವಾ’ ಎಂದು ಕೂಗಿದ್ದೇ ತಡ, ಅಡುಗೆಯವನೂ ಮಾವ ಎಂದ, ಎಂಜಿನ್ ಮೇಸ್ತ್ರಿಯೂ ಮಾವ ಎಂದ, ಕೊನೆಗೆ ದೋಣಿಯ ಯಜಮಾನತಿಯ ಬಾಯಲ್ಲೂ ಅದೇ ನಿಂತಿತು.

ದೋಣಿ ಎಂದರೆ ಹುಟ್ಟು ಹಾಕುವ ದೋಣಿಯಲ್ಲ. ಕೆಳಗೆ ಮಲಗುವ ಕೋಣೆಗಳು, ನಡುವೆ ಊಟದ ಮೇಜು, ಹಿಂದೆ ಸಿಲಿಂಡರುಗಳ ಸಾಲು, ಮೇಲೆ ಕಾಲು ಚಾಚಿ ಬಿಸಿಲಿಗೆ ಬೀಳಲು ಅಗಲವಾದ ಚಾವಣಿ. ಎಂಟು ಜನ ಅತಿಥಿಗಳನ್ನು ಹತ್ತಿಸಿಕೊಂಡು ಹೊರಟರೆ ವಾರಕ್ಕೂ ಮೇಲೆ ನೆಲದ ಸುದ್ದಿಯಿಲ್ಲ. ಫೋನು ಸತ್ತುಹೋಗುವಷ್ಟು ದೂರ, ಮನುಷ್ಯರು ವಾಸಿಸದ ದ್ವೀಪಗಳ ನಡುವೆ ಲಂಗರು. ಮುಳುಗು, ತಿನ್ನು, ಮಲಗು, ಮತ್ತೆ ಮುಳುಗು. ಬಟ್ಟೆ ಒಣಗಲು ಪುರುಸೊತ್ತಿಲ್ಲದ ಈ ಸುಖವನ್ನು ಕಂಡು ಗಾಳಿಮಾವನಿಗೆ ಮೊದಮೊದಲು ನಗು ಬರುತ್ತಿತ್ತು.

ನಗು ಬರುವುದಕ್ಕೆ ಕಾರಣವಿತ್ತು. ಅವನೂ ಒಂದು ಕಾಲಕ್ಕೆ ಮುಳುಗಿದವನೇ, ಆದರೆ ಹೊಟ್ಟೆಪಾಡಿಗೆ. ಬಾಯಲ್ಲಿ ರಬ್ಬರ್ ಪೈಪು ಕಚ್ಚಿಕೊಂಡು ತಳಕ್ಕಿಳಿದು ಚಿಪ್ಪು ಆರಿಸುತ್ತಿದ್ದ. ಒಂದು ದಿನ ಮೇಲಿನ ಪಂಪು ಕೈಕೊಟ್ಟು ಗಾಳಿ ನಿಂತಿತು. ಆಳದಿಂದ ನಿಧಾನವಾಗಿ ಏರಬೇಕು, ಇಲ್ಲದಿದ್ದರೆ ಮೈ ಹಿಡಿದುಕೊಳ್ಳುತ್ತದೆ ಎಂದು ಗೊತ್ತಿದ್ದರೂ ಉಸಿರಿಲ್ಲದವನು ನಿಧಾನ ಮಾಡುವುದು ಹೇಗೆ? ಒಂದೇ ನೆಗೆತಕ್ಕೆ ಮೇಲೆ ಬಂದ. ಜೀವ ಉಳಿಯಿತು, ಎಡಗಾಲು ಮಾತ್ರ ಅಂದಿನಿಂದ ಮರದ ಕೊರಡು. ಪಂಪಿನ ಪಕ್ಕದಲ್ಲಿ ಇರಬೇಕಾದ ಮಹಾನುಭಾವ ಚಹಾ ಕುಡಿಯಲು ಹೋಗಿದ್ದನಂತೆ.

ಆಮೇಲೆ ಗಾಳಿಯ ವಿಷಯದಲ್ಲಿ ಅವನಿಗೆ ಹುಚ್ಚೇ ಹಿಡಿಯಿತು ಎನ್ನಬೇಕು. ತುಂಬಿದ ಪ್ರತಿಯೊಂದು ಸಿಲಿಂಡರಿನ ಬಾಯನ್ನು ತುಸು ತಿರುಗಿಸಿ, ಹೊರಬಂದ ಗಾಳಿಗೆ ಮೂಗು ಕೊಟ್ಟು ಕಣ್ಣು ಮುಚ್ಚುತ್ತಿದ್ದ. ಒಳ್ಳೆಯ ಗಾಳಿಗೆ ವಾಸನೆಯೇ ಇರಬಾರದು. ಎಣ್ಣೆಯೋ ಹೊಗೆಯೋ ಚೂರು ಸುಳಿದರೂ ಪೂರ್ತಿ ಖಾಲಿ ಮಾಡಿ ಮತ್ತೆ ತುಂಬುತ್ತಿದ್ದ. ಸರಿಯಿದ್ದರೆ ಮಾತ್ರ ಬಾಯಿಗೆ ಹಸಿರು ಟೇಪು. ಹಸಿರು ಟೇಪಿಲ್ಲದ್ದನ್ನು ಯಜಮಾನತಿಯೂ ಮುಟ್ಟುವ ಹಾಗಿರಲಿಲ್ಲ. ಇನ್ನೊಂದು ಕಟ್ಟಳೆಯಿತ್ತು. ಗಾಳಿ ತುಂಬುವ ಯಂತ್ರ ಹೊರಗಿನ ಗಾಳಿ ಎಳೆದುಕೊಳ್ಳುವ ಉದ್ದನೆಯ ಪೈಪನ್ನು ಅವನು ಚಾವಣಿಯ ಕಂಬಕ್ಕೆ, ಗಾಳಿ ಬೀಸಿಬರುವ ಕಡೆಗೆ ಮುಖ ಮಾಡಿ ಕಟ್ಟುತ್ತಿದ್ದ. ಜನರೇಟರಿನ ಹೊಗೆ ಹಿಂದಿನಿಂದ ಹೋಗುತ್ತದೆ, ಅದು ಪೈಪಿನ ಬಾಯಿಗೆ ಸಿಕ್ಕರೆ ಮುಳುಗುವವನ ಕತೆ ಮುಗಿಯಿತು. ಆದ್ದರಿಂದ ಪೈಪನ್ನು ಮುಟ್ಟುವ ಮೊದಲು ‘ಗಾಳಿ ನಿಲ್ಸೀ!’ ಎಂದು ಕೂಗಬೇಕು, ಅವನು ಯಂತ್ರ ನಿಲ್ಲಿಸಿ ‘ನಿಂತ್ತೂ!’ ಎನ್ನಬೇಕು. ಅಡುಗೆಯವನು ಈ ಕೂಗನ್ನು ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದ, ಆದರೆ ಕೂಗದೆ ಇರುತ್ತಿರಲಿಲ್ಲ.

ಇನ್ನು ಅಳಿಯನ ಮಾತು. ಭಾವ ತೀರಿಕೊಂಡಾಗ ಅವನಿಗೆ ಹಾಲುಹಲ್ಲು ಬಿದ್ದಿರಲಿಲ್ಲ. ಗಾಳಿಮಾವ ತನ್ನ ಮದುವೆಯ ಮಾತನ್ನು ಅಂದೇ ಬದಿಗಿಟ್ಟು, ಅಕ್ಕನ ಮನೆಯ ಹೊರಕೋಣೆಯಲ್ಲಿ ಚಾಪೆ ಹಾಸಿದ. ಕೊರಡು ಕಾಲಿನಲ್ಲೇ ಸೊಂಟದ ನೀರಲ್ಲಿ ನಿಂತು ಅವನಿಗೆ ಈಜು ಕಲಿಸಿದ. ದೊಡ್ಡವನಾದ ಮೇಲೆ ಯಜಮಾನತಿಯ ಮುಂದೆ ನಿಂತು, “ನನ್ನ ಹುಡುಗ ಮೇಡಂ, ನನ್ನ ಮಾತಿನ ಮೇಲೆ ತಗೊಳ್ಳಿ” ಎಂದು ಕೆಲಸಕ್ಕೆ ಸೇರಿಸಿದ. ಅಳಿಯ ಚೆಲುವ, ಮಾತುಗಾರ. ಅತಿಥಿಗಳು ಅವನ ಸುತ್ತ ಇರುವೆಯ ಹಾಗೆ ಮುತ್ತಿಕೊಳ್ಳುತ್ತಿದ್ದರು. ಯಂತ್ರದ ಪಕ್ಕ ಕೂತು ಇದನ್ನು ನೋಡುವಾಗ ಗಾಳಿಮಾವನ ಎದೆ ಉಬ್ಬುತ್ತಿತ್ತು. ಉಬ್ಬಲಿ ಬಿಡಿ, ಸಾಕಿದವನಿಗೆ ಅಷ್ಟೂ ಬೇಡವೇ?

ಹಿಂದಿನ ವರ್ಷ ಅವನಿಗೊಂದು ಕೆಟ್ಟ ಜ್ವರ ಬಂತು. ಜ್ವರ ಹೋಗುವಾಗ ಮೂಗನ್ನೂ ಕರೆದುಕೊಂಡು ಹೋಯಿತು. ಒಂದು ಮಧ್ಯಾಹ್ನ ಒಲೆಯ ಮೇಲೆ ಹಾಲು ಸೀದು, ದೋಣಿಯವರೆಲ್ಲ ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದರೆ, ಇವನು ಅಡುಗೆಮನೆಯ ಬಾಗಿಲಲ್ಲೇ ಕೂತು ನಿಶ್ಚಿಂತೆಯಿಂದ ಸ್ಪ್ಯಾನರು ಒರೆಸುತ್ತಿದ್ದ. ಅದನ್ನು ಗಮನಿಸಿದ್ದು ಅಳಿಯ ಒಬ್ಬನೇ.

“ಮಾವ, ನಿಂಗೆ ವಾಸನೆ ಬರ್ತಾ ಇಲ್ವಾ?”

ಗಾಳಿಮಾವ ಅವನ ಕೈ ಹಿಡಿದುಕೊಂಡ. “ಮೇಡಂಗೆ ಹೇಳ್ಬೇಡ ಕಣೋ. ಈ ಕೆಲಸ ಬಿಟ್ರೆ ನಂಗೆ ಬೇರೆ ಏನ್ ಬರುತ್ತೆ ಹೇಳು?”

“ಅಯ್ಯೋ, ಅದಕ್ಯಾಕೆ ಅಷ್ಟು ತಲೆ ಕೆಡಿಸ್ಕೋತೀಯ? ನೀನು ತುಂಬು, ನಾನು ಮೂಸ್ತೀನಿ. ಇನ್ಮೇಲೆ ನಿನ್ನ ಮೂಗು ನಾನೇ, ಆಯ್ತಾ?”

ಹೇಳಬೇಕಿತ್ತು. ಗಾಳಿಯ ಮೇಲೆ ಅಷ್ಟು ಹುಚ್ಚಿದ್ದವನು ಇದನ್ನು ಮುಚ್ಚಿಡಬಾರದಿತ್ತು, ಅದು ಅವನದೇ ತಪ್ಪು. ಆದರೆ ಅಂದು ಅವನಿಗೆ ಕಂಡದ್ದು ತಪ್ಪಲ್ಲ, ತಾನು ಎತ್ತಿ ಆಡಿಸಿದ ಹುಡುಗ ತನಗೆ ಆಸರೆಯಾಗಿ ನಿಂತದ್ದು. ಕಣ್ಣಲ್ಲಿ ನೀರು ಬಂತು. ಅಂದಿನಿಂದ ಇವನು ತುಂಬುವುದು, ಅಳಿಯ ಬಂದು ಮೂಸಿ ಹಸಿರು ಟೇಪು ಸುತ್ತುವುದು. ನೋಡಿದವರು, ಅಳಿಯ ಮಾವನಿಗೆ ಕೈಜೋಡಿಸುತ್ತಿದ್ದಾನೆ ಎಂದುಕೊಂಡರು.

ಹೀಗೆ ಒಂದು ವರ್ಷ ಸರಿಯಾಗಿಯೇ ನಡೆಯಿತು. ಈ ಸಲದ ಪ್ರವಾಸದಲ್ಲಿ, ದೂರದ ದ್ವೀಪಗಳ ನಡುವೆ ಲಂಗರು ಹಾಕಿದ್ದ ಒಂದು ಬೆಳಗ್ಗೆ, ಅತಿಥಿಗಳಿಗೆ ಚಾವಣಿಯ ಮೇಲೆ ಒಟ್ಟಿಗೆ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆಯಾಯಿತು. ಹಿಂದೆ ನೀಲಿ ನೀರು, ಹಸಿರು ದ್ವೀಪ, ನಡುವೆ ದರಿದ್ರ ಪೈಪು. ಅಳಿಯ ಅದನ್ನು ಬಿಚ್ಚಿ ಹಿಂದಿನ ಕಂಬಿಯ ಮೇಲೆ ಇಳಿಬಿಟ್ಟ. ‘ಗಾಳಿ ನಿಲ್ಸಿ’ ಎಂದು ಕೂಗಲಿಲ್ಲ. ಕೂಗಿದರೆ ಕೆಳಗಿನಿಂದ ಮಾವ ಎಲ್ಲರ ಎದುರು ಬೈಯುತ್ತಾನೆ, ಗೈಡ್ ಸಾಹೇಬರ ಮರ್ಯಾದೆ ಏನಾಗಬೇಕು? ಕೆಳಗೆ ಯಂತ್ರ ಓಡುತ್ತಲೇ ಇತ್ತು. ಪೈಪಿನ ಬಾಯಿ ಜನರೇಟರಿನ ಹೊಗೆಯ ನೇರಕ್ಕೆ ತೂಗಾಡುತ್ತಿತ್ತು. ಕೊನೆಯ ಎರಡು ಸಿಲಿಂಡರು ಆ ಹೊತ್ತಿನಲ್ಲೇ ತುಂಬಿದವು. ಫೋಟೋ ಮುಗಿದು ಪೈಪು ಮತ್ತೆ ಕಂಬಕ್ಕೇರಿತು, ಅಳಿಯ ಕೆಳಗಿಳಿದು ಬಂದು ಟೇಪು ಸುತ್ತತೊಡಗಿದ.

ಗಾಳಿಮಾವ ಯಂತ್ರದ ಕಡೆಗೆ ಬಗ್ಗಿದ್ದವನು, “ಎಲ್ಲಾ ಮೂಸಿದ್ಯೇನೋ?” ಎಂದು ಕೇಳಿದ.

“ಎಲ್ಲಾ ಆಯ್ತು ಮಾವ, ಫಸ್ಟ್ ಕ್ಲಾಸ್.”

ಆ ಎರಡರಲ್ಲಿ ಒಂದು ಹೋದದ್ದು ಗಣಿತದ ಮೇಡಂ ಬೆನ್ನಿಗೆ. ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು, ಗಾಳಿಮಾವನ ಜೊತೆ ಕೂತು ಚಹಾ ಕುಡಿಯುತ್ತಿದ್ದ ಒಬ್ಬರೇ ಅತಿಥಿ. ಎಲ್ಲರಿಗಿಂತ ಮೊದಲು ಅವರು ಮೇಲೆ ಬಂದರು. ಬಂದರು ಎನ್ನುವುದಕ್ಕಿಂತ ಅವರ ಜೊತೆಗಾರ ಎಳೆದು ತಂದ ಎನ್ನಬೇಕು. ತಲೆ ಸಿಡಿಯುತ್ತಿದೆ ಎಂದವರು ಏಣಿಯ ಮೇಲೇ ವಾಂತಿ ಮಾಡಿ ಎಚ್ಚರ ತಪ್ಪಿದರು. ಇನ್ನೊಬ್ಬ ಅತಿಥಿ ತಲೆ ಹಿಡಿದುಕೊಂಡು ಕುಸಿದ. ಯಜಮಾನತಿ ಆಮ್ಲಜನಕದ ಬಾಟಲಿ ತಂದು ಮೇಡಂ ಮುಖಕ್ಕೆ ಹಿಡಿದಳು. ಗಾಳಿಮಾವ ಅವರ ತಣ್ಣಗಿನ ಪಾದ ತಿಕ್ಕುತ್ತಾ ಕೂತ. ಅವನಿಗೆ ತನ್ನ ಹಳೆಯ ಪಂಪಿನವನ ಮುಖವೇ ಕಣ್ಣ ಮುಂದೆ ಬರುತ್ತಿತ್ತು. ಬಿಸಿಲು ಇಳಿಯುವ ಹೊತ್ತಿಗೆ ಮೇಡಂ ಕಣ್ಣು ಬಿಟ್ಟು ನೀರು ಕೇಳಿದರು.

ಆಗ ಅವನು ಅಳಿಯನನ್ನು ಸಿಲಿಂಡರುಗಳ ಹಿಂದಕ್ಕೆ ಎಳೆದುಕೊಂಡು ಹೋದ. “ನಿಜ ಹೇಳು, ಮೂಸಿದ್ಯಾ?”

“ಇಲ್ಲ ಮಾವ. ಲೇಟಾಗಿತ್ತು, ಎಲ್ಲರೂ ರೆಡಿಯಾಗಿ ನಿಂತಿದ್ರು. ಫೋಟೋಗೆ ಅಂತ ಪೈಪ್ ಬೇರೆ ಇಳಿಸಿದ್ದೆ... ಒಂದು ಸಲ ಏನಾಗುತ್ತೆ ಅಂದ್ಕೊಂಡೆ.”

ಗಾಳಿಮಾವ ಹೊಡೆಯಲು ಕೈ ಎತ್ತಿದ, ಹೊಡೆಯಲಿಲ್ಲ. “ಬಾ, ಇಬ್ರೂ ಹೋಗಿ ಯಜಮಾನತಿ ಮೇಡಂಗೆ ಹೇಳೋಣ. ಮೂಗಿನ ವಿಷಯ ನಾನು ಹೇಳ್ತೀನಿ, ಪೈಪಿನ ವಿಷಯ ನೀನು ಹೇಳು. ಬೈಸ್ಕೊಳ್ಳೋದು ಇಬ್ರೂ ಬೈಸ್ಕೊಳ್ಳೋಣ.”

“ಆಯ್ತು ಮಾವ. ನೀನು ಕೈಕಾಲು ತೊಳ್ಕೊಂಡು ಬಾ” ಎಂದ ಅಳಿಯ.

ಅವನು ಕೈಕಾಲು ತೊಳೆದು ಶರ್ಟು ಬದಲಾಯಿಸಿ ಬರುವಷ್ಟರಲ್ಲಿ ಊಟದ ಮೇಜಿನ ಸುತ್ತ ಎಲ್ಲರೂ ನೆರೆದಿದ್ದರು. ಅಳಿಯ ಯಜಮಾನತಿಯ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದ. ಬೈಸಿಕೊಂಡವನ ಹಾಗಲ್ಲ, ದುಃಖದ ಸುದ್ದಿ ತಂದವನ ಹಾಗೆ.

“ಗಾಳಿಮಾವ, ನಿಮಗೆ ವಾಸನೆ ಗೊತ್ತಾಗಲ್ವಂತೆ, ಹೌದಾ?” ಎಂದಳು ಯಜಮಾನತಿ.

ಅವನು ಅಳಿಯನ ಮುಖ ನೋಡಿದ. ಅಳಿಯ ಮೇಜು ನೋಡಿದ.

“ಕಣ್ಣು ಮುಚ್ಚಿ” ಎಂದಳು ಆಕೆ. ಅವನು ಮುಚ್ಚಿದ. ಮೂಗಿನ ಹತ್ತಿರ ಏನೋ ಬಂತು. ಏನೂ ಇಲ್ಲ, ಬರೀ ತಂಪು. ಸುಮ್ಮನಿದ್ದರೂ ಆಗುತ್ತಿತ್ತು, ಆದರೆ ಮನುಷ್ಯನ ಆಸೆ ನೋಡಿ, ಅದೃಷ್ಟ ಒಂದು ಸಲ ಕೈಹಿಡಿದೀತು ಎಂದು, “ಕಾಫಿಪುಡಿ?” ಎಂದುಬಿಟ್ಟ. ಯಾರೋ ಕಿಸಕ್ಕನೆ ನಕ್ಕು ತಕ್ಷಣ ಬಾಯಿ ಮುಚ್ಚಿಕೊಂಡರು. ಕಣ್ಣು ಬಿಟ್ಟರೆ ಎದುರಿಗೆ ಡೀಸೆಲ್ಲಿನಲ್ಲಿ ನೆನೆದ ಬಟ್ಟೆ. ನಾಚಿಕೆಯಿಂದ ಅವನ ಕಿವಿ ಸುಟ್ಟಿತು.

“ಹೌದು ಮೇಡಂ, ಮೂಗು ಹೋಗಿದೆ. ಮುಚ್ಚಿಟ್ಟಿದ್ದು ನನ್ನ ತಪ್ಪು. ಆದ್ರೆ ವರ್ಷದಿಂದ ಮೂಸ್ತಾ ಇದ್ದಿದ್ದು ಇವನು. ಇವತ್ತು ಪೈಪ್ ಇಳಿಸಿದ್ದೂ ಇವನೇ. ಕೇಳಿ ಬೇಕಾದ್ರೆ.”

ಅಳಿಯ ತಲೆ ಎತ್ತಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು. “ಮಾವ, ಅದು ನಿನ್ನ ಕೆಲಸ ಅಲ್ವಾ? ನಾನು ಯಾವತ್ತು ಮೂಸಿದ್ದೆ? ನಾನು ಟೇಪ್ ಸುತ್ತಿಕೊಡ್ತಿದ್ದೆ, ಅಷ್ಟೇ. ಪೈಪ್ ಇಳಿಸ್ದಾಗ ಕೂಗಿದ್ದೆ, ನೀನೇ ‘ನಿಂತ್ತೂ’ ಅಂದೆ. ನಿಂಗೆ ಈಗೀಗ ಮರೆವು ಬೇರೆ.” ಆಮೇಲೆ ಯಜಮಾನತಿಯ ಕಡೆ ತಿರುಗಿ ಮೆಲ್ಲಗೆ, “ಬೈಬೇಡಿ ಮೇಡಂ, ನಮ್ಮನ್ನ ಸಾಕಿದವರು” ಎಂದ.

ಆ ಕೊನೆಯ ಮಾತು ಇತ್ತಲ್ಲ, ಅದು ಕೊಂದಿತು. ಸುಳ್ಳು ಹೇಳಿದ್ದನ್ನು ತಡೆದುಕೊಳ್ಳಬಹುದಿತ್ತು, ಹೆದರಿದ ಹುಡುಗ ಎನ್ನಬಹುದಿತ್ತು. ತನ್ನ ಕುತ್ತಿಗೆ ಕುಯ್ದ ಕೈಯಿಂದಲೇ ಬೆನ್ನು ಸವರಿದ್ದನ್ನು ಏನೆನ್ನುವುದು? ಗಾಳಿಮಾವ ಸುತ್ತ ನೋಡಿದ. ಎಲ್ಲರ ಕಣ್ಣಲ್ಲೂ ಒಳ್ಳೆಯ ಅಳಿಯನ ಮೇಲೆ ಮೆಚ್ಚುಗೆ, ಮರೆವಿನ ಮುದುಕನ ಮೇಲೆ ಕನಿಕರ. ಗಣಿತದ ಮೇಡಂ ಕೂಡ ಹಾಸಿಗೆಯಿಂದ ಎದ್ದು ಬಂದು ಬಾಗಿಲಿಗೆ ಒರಗಿ ನಿಂತಿದ್ದರು. ಅವರು ಅವನನ್ನು ನೋಡಿ ಮುಖ ತಿರುಗಿಸಿದರು. ಅವನು ಕೊರಡು ಕಾಲು ಎಳೆದುಕೊಂಡು ಹೊರಗೆ ನಡೆದ.

ಯಜಮಾನತಿ ಅಂದೇ ಎಲ್ಲ ಸಿಲಿಂಡರುಗಳನ್ನೂ ಖಾಲಿ ಮಾಡಿಸಿದಳು. ತುಂಬುವ ಕೆಲಸ ಎಂಜಿನ್ ಮೇಸ್ತ್ರಿಗೆ ಹೋಯಿತು. ಅವನೋ ಬಾಯಲ್ಲಿ ಬೀಡಿ ಇಟ್ಟುಕೊಂಡೇ ಯಂತ್ರದ ಹತ್ತಿರ ಕೂರುವ ಗಿರಾಕಿ. ಮಾರನೆಯ ದಿನ ಕುಡಿಯುವ ನೀರು, ತರಕಾರಿ ತರುವ ಸಣ್ಣ ದೋಣಿ ಬರುವುದಿತ್ತು. “ನೀವು ಅದರಲ್ಲೇ ಹೊರಟುಬಿಡಿ” ಎಂದಳು. ‘ಗಾಳಿಮಾವ’ ಎಂದು ಕರೆಯಲಿಲ್ಲ.

ನೀರಿನ ದೋಣಿ ಬಂದಾಗ ಅತಿಥಿಗಳು ಮುಳುಗಲು ಅಣಿಯಾಗುತ್ತಿದ್ದರು. ಗಾಳಿಮಾವ ತನ್ನ ಚೀಲ, ಸ್ಪ್ಯಾನರಿನ ಡಬ್ಬಿ ತೆಗೆದುಕೊಂಡು ಇಳಿದು ಕೂತ. ಯಾರೂ ಬೀಳ್ಕೊಡಲು ಬರಲಿಲ್ಲ. ಕ್ಯಾನುಗಳನ್ನು ಮೇಲೆತ್ತಿ ಮುಗಿಯುವ ಹೊತ್ತಿಗೆ ಅಳಿಯ ಅಂಚಿಗೆ ಬಂದು ಕುಕ್ಕರುಗಾಲಲ್ಲಿ ಕೂತ. ಗಾಳಿಮಾವನ ಹಾಳು ಮನಸ್ಸು, ಕ್ಷಮೆ ಕೇಳಲು ಬಂದ ಎಂದುಕೊಂಡಿತು. ಕೇಳಿದ್ದರೆ ಅವನು ಅಲ್ಲೇ ಎಲ್ಲವನ್ನೂ ನುಂಗಿಕೊಳ್ಳುತ್ತಿದ್ದ, ಅಂಥ ಪೆದ್ದ.

ಅಳಿಯ ಆಚೀಚೆ ನೋಡಿ ಪಿಸುಗುಟ್ಟಿದ. “ಮಾವ, ದೋಣಿ ಮುಂದಿನ ಗೂಡಲ್ಲಿ ಎರಡು ಸಿಲಿಂಡರ್ ಯಾರ ಕಣ್ಣಿಗೂ ಬೀಳದೆ, ಖಾಲಿಯಾಗದೆ ಹಾಗೇ ಉಳಿದಿದೆ. ಊರಲ್ಲಿ ನೀನೇ ತುಂಬಿದ್ದು ತಾನೇ?”

“ಯಾಕೆ?”

“ನಾನು ಅದನ್ನ ತಗೋತೀನಿ. ಆ ಮೇಸ್ತ್ರಿ ತುಂಬಿದ್ದು... ನಂಗೆ ಧೈರ್ಯ ಇಲ್ಲ ಮಾವ.”

ಗಾಳಿಮಾವನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, ಹಿಂದಿನ ದಿನ ಗಂಟಲಲ್ಲೇ ಸತ್ತಿದ್ದ ದನಿ ಈಗ ಹೊರಬಂತು. ಪಿಸುಮಾತಿಗೆ ಅವನು ಪಿಸುಮಾತಲ್ಲಿ ಉತ್ತರಿಸಲಿಲ್ಲ. ಯಂತ್ರದ ಸದ್ದನ್ನು ಮೀರಿ ಕೂಗಿ ಅಭ್ಯಾಸವಿದ್ದ ಗಂಟಲು ಅದು.

“ಹೌದು ಕಣಪ್ಪಾ, ನಾನೇ ತುಂಬಿದ್ದು! ಮೂಗಿಲ್ಲದೋನು, ಮರೆವಿನ ಮುದುಕ ತುಂಬಿದ ಗಾಳಿ! ನಿನ್ನ ಜೀವಕ್ಕೆ ಅದೇ ಬೇಕಾ?”

ಯಜಮಾನತಿ ತಿರುಗಿ ನೋಡಿದಳು. ಗಣಿತದ ಮೇಡಂ ಕೈಯಲ್ಲಿದ್ದ ಲೋಟ ಕೆಳಗಿಟ್ಟು, ಅಳಿಯನನ್ನು ಅಡಿಯಿಂದ ಮುಡಿಯವರೆಗೆ ಒಂದು ಸಲ ನೋಡಿದರು. ಅಳಿಯ ಹಲ್ಲು ಕಿರಿದು, “ಏನೇನೋ ಮಾತಾಡ್ತಾರೆ ಪಾಪ” ಎಂದು ಎದ್ದು ಹೋದ. ನೀರಿನ ದೋಣಿಯವನು ಹಗ್ಗ ಬಿಚ್ಚಿದ.

ದೋಣಿ ತಿರುಗುವವರೆಗೂ ಗಾಳಿಮಾವ ಅತ್ತಲೇ ನೋಡುತ್ತಿದ್ದ. ಎಲ್ಲರ ಕಣ್ಣು ತನ್ನ ಮೇಲಿರುವಾಗ ಅಳಿಯ ಮುಂದಿನ ಗೂಡಿಗೆ ಹೋಗುವ ಹಾಗಿರಲಿಲ್ಲ. ಸಾಲಿನಲ್ಲಿದ್ದ ಮೇಸ್ತ್ರಿಯ ಸಿಲಿಂಡರನ್ನೇ ಎಳೆದುಕೊಂಡ. ಹಸಿರು ಟೇಪು ಕಿತ್ತು, ಬಾಯಿ ತುಸು ತಿರುಗಿಸಿ, ಬಗ್ಗಿ ಮೂಸಿದ. ಮತ್ತೆ ಮೂಸಿದ. ಕಣ್ಣು ಮುಚ್ಚಿಕೊಂಡು, ಮಾವ ಕಲಿಸಿದ ಹಾಗೆಯೇ, ಮೂರನೆಯ ಸಲವೂ ಮೂಸಿದ.