ಮಾದಣ್ಣನ ಕಾಂಗೋಗೆ ಮೈಕಿಲ್ಲ

ವಿದ್ಯಾರಣ್ಯಪುರಂನ ಕೊನೆಯ ಅಡ್ಡರಸ್ತೆಯೊಂದರಲ್ಲಿ ಬೀದಿದೀಪಗಳು ಇನ್ನೂ ಆರಿಲ್ಲ. ಮನೆ ಮುಂದಿನ ಕಲ್ಲುಚಪ್ಪಡಿಯ ಮೇಲೆ ಸಣ್ಣಮಾದಯ್ಯ ಹಳೇ ಬಾಣಲೆಯೊಂದರಲ್ಲಿ ಕೆಂಡ ಮಾಡಿಕೊಂಡು ಕೂತಿದ್ದಾರೆ. ಅವರು ಕಾಯಿಸುತ್ತಿರುವುದು ಸ್ನಾನದ ನೀರನ್ನಲ್ಲ, ಕಾಂಗೋವನ್ನು. ಸೊಂಟದೆತ್ತರದ, ನಡು ಉಬ್ಬಿದ ಮರದ ಡೋಲು ಅದು. ಕೋಲಿಲ್ಲದೆ ಬರಿಗೈಯಲ್ಲಿ ಬಾರಿಸುವಂಥದ್ದು. ಚರ್ಮ ಬಿಗಿ ಮಾಡುವ ಬೋಲ್ಟುಗಳು ತುಕ್ಕು ಹಿಡಿದು ಜಪ್ಪಯ್ಯ ಎಂದರೂ ತಿರುಗುವುದಿಲ್ಲ. ಹಾಗಾಗಿ ಡೋಲನ್ನು ಓರೆಯಾಗಿ ಹಿಡಿದು ಕೆಂಡದ ಮೇಲೆ ಮೆಲ್ಲಗೆ ತಿರುಗಿಸುತ್ತಾರೆ, ಬೆರಳ ತುದಿಯಿಂದ ತಟ್ಟುತ್ತಾರೆ, ಕಿವಿಗೊಡುತ್ತಾರೆ.

“ರಾತ್ರಿ ಥಂಡಿಗೆ ಚರ್ಮ ಮೆತ್ತಗಾಗ್ಬುಡ್ತದೆ ಸಾ. ನಮ್ಮಪ್ಪ ತಮಟೆ ಕಾಯ್ಸೋರಲ್ಲ, ಇದೂ ಅಂಗೇ. ಜಾಸ್ತಿ ಕಾಯ್ಸಿದ್ರೆ ಸೀಳೋಯ್ತದೆ, ಕಮ್ಮಿಯಾದ್ರೆ ಗೋಣಿಚೀಲ ಬಡ್ದಂಗೆ ಕೇಳ್ತದೆ” ಎನ್ನುತ್ತಾರೆ.

ಒಳಗಿನಿಂದ ಹೆಂಡತಿ ದೊಡ್ಡಮ್ಮನ ಧ್ವನಿ ಬರುತ್ತದೆ: “ಯಾರ್ ಕೇಳ್ತಾರೆ ಅಂತ ಇಷ್ಟೊತ್ತಿಗೇ ಎದ್ದು ಕಾಯಿಸ್ತಾ ಕೂತಿದ್ದೀರಿ?”

ದೊಡ್ಡಮ್ಮ ಕುಟುಕಲು ಆಡಿದ ಮಾತಲ್ಲ ಇದು. ಮೈಸೂರಿನ ಆರ್ಕೆಸ್ಟ್ರಾ ವಲಯದಲ್ಲಿ ‘ಮಾದಣ್ಣ’ ಎಂದೇ ಹೆಸರಾದ, ಅರವತ್ತು ದಾಟಿದ ಈ ಬ್ಯಾಂಡ್ ಲೀಡರ್‌ನ ಕಾಂಗೋವನ್ನು ಐದಾರು ವರ್ಷದಿಂದ ಯಾರೂ ಕೇಳಿಲ್ಲ. ಕಾರ್ಯಕ್ರಮ ಇಲ್ಲ ಎಂದಲ್ಲ. ಮದುವೆ ಸೀಸನ್‌ನಲ್ಲಿ ಅವರ ‘ಮಾದು ಮೆಲೋಡೀಸ್’ ತಿಂಗಳಿಗೆ ನಾಲ್ಕೈದು ವೇದಿಕೆ ಹತ್ತುತ್ತದೆ. ಆದರೆ ಸಂಗೀತವೆಲ್ಲ ಲ್ಯಾಪ್‌ಟಾಪ್‌ನೊಳಗೆ ಮೊದಲೇ ರೆಡಿ ಇರುತ್ತದೆ. ಗಾಯಕಿಯ ಗಂಟಲೊಂದೇ ನಿಜ. ವೇದಿಕೆ ಬಿಕೋ ಎನ್ನಬಾರದು, ವಿಡಿಯೋದಲ್ಲಿ ಚೆನ್ನಾಗಿ ಕಾಣಬೇಕು ಎಂದು ವಾದ್ಯದವರನ್ನು ಸಾಲಾಗಿ ಕೂರಿಸುತ್ತಾರೆ. ಹೊಳೆಯುವ ಕೋಟು ಹಾಕಿಕೊಂಡು, ಟ್ರ್ಯಾಕ್ ಓಡುವಷ್ಟು ಹೊತ್ತು ಬಾರಿಸಿದ ಹಾಗೆ ಕೈಯಾಡಿಸಬೇಕು. ಎದುರಿಗೆ ಮೈಕೂ ಇರುತ್ತದೆ, ಆಫ್ ಆಗಿರುತ್ತದೆ.

ಇವತ್ತು ಮಾತ್ರ ಲೆಕ್ಕ ಬೇರೆ. ಇಲವಾಲದ ಕಲ್ಯಾಣಮಂಟಪದಲ್ಲಿ ಸಂಜೆ ಆರತಕ್ಷತೆ. ಹುಡುಗಿಯ ತಂದೆ ಸಿದ್ದಲಿಂಗಸ್ವಾಮಿ ಕಾಲೇಜು ದಿನಗಳಲ್ಲಿ ಗಣಪತಿ ಪೆಂಡಾಲಿನ ಮುಂದೆ ಮಾದಣ್ಣನ ಬ್ಯಾಂಡಿಗೆ ಅಂಗಿ ಒದ್ದೆಯಾಗುವಷ್ಟು ಕುಣಿದವರು. “ನಿಮ್ಮ ಹಳೇ ಸಾಲ್ಸಾ ಒಂದಾದ್ರೂ ನಿಜವಾಗಿ ಬಾರಿಸ್ಬೇಕು ಮಾದಣ್ಣ, ಟ್ರ್ಯಾಕ್ ಬೇಡ” ಎಂದು ಅವರೇ ಫೋನ್ ಮಾಡಿ ಕೇಳಿಕೊಂಡಿದ್ದಾರೆ. ಒಂದೇ ಒಂದು ಹಾಡಿಗೆ ಮೈಕ್ ಆನ್ ಆಗಲಿದೆ. ಕೆಂಡ ಹೊತ್ತಿರುವುದು ಅದಕ್ಕೆ.

ಮೈಸೂರಿಗೂ ಲ್ಯಾಟಿನ್ ಅಮೆರಿಕದ ಕುಣಿತದ ಸಂಗೀತವಾದ ಸಾಲ್ಸಾಕ್ಕೂ ಎತ್ತಣ ಸಂಬಂಧ ಎಂದು ಕೇಳಿದರೆ ಸಣ್ಣಮಾದಯ್ಯ ತಂದೆಯಿಂದಲೇ ಶುರು ಮಾಡುತ್ತಾರೆ. ಚಾಮಯ್ಯ ನರಸೀಪುರದ ಕಡೆಯವರು, ತಮಟೆ ಬಾರಿಸುತ್ತಿದ್ದರು. ಊರಲ್ಲಿ ಯಾರೇ ಸತ್ತರೂ ಅವರು ಹೋಗಿ ಬಾರಿಸಲೇಬೇಕಿತ್ತು. ಬಾರಿಸಿದ ಮನೆಯ ಜಗಲಿ ಮಾತ್ರ ಹತ್ತುವಂತಿರಲಿಲ್ಲ. ಆ ಅವಮಾನ ಸಾಕಾಗಿಯೇ ಮೈಸೂರು ಸೇರಿ ಕೂಲಿಗೆ ನಿಂತವರು ಮಗನಿಗೆ ಹೇಳಿದ್ದು ಒಂದೇ ಮಾತು, ತಮಟೆ ಮುಟ್ಟಬೇಡ ಎಂದು.

“ನಾನ್ ತಮಟೆ ಮುಟ್ಲಿಲ್ಲ ಸಾ. ಕಾಂಗೋ ಮುಟ್ದೆ. ಸ್ಟೇಜ್ ಮ್ಯಾಲೆ ಕೂತು, ಕೋಟ್ ಹಾಕ್ಕೊಂಡು ಬಾರಿಸ್ತೀನಲ್ಲ, ಇದು ಬ್ಯಾರೆ ಅಂದ್ಕೊಂಡೆ. ನಮ್ಮಪ್ಪ ಒಂದ್ಸಲ ಜನದ ಮಧ್ಯೆ ನಿಂತು ನೋಡುದ್ರು. ಮನೇಗ್ ಬಂದು ನನ್ ಕೈ ಹಿಡ್ಕೊಂಡು ಎಣ್ಣೆ ತಿಕ್ಕುದ್ರು.”

ಯೋಗ ಕಲಿಯಲು ಗೋಕುಲಂಗೆ ಬಂದಿದ್ದ ಕೊಲಂಬಿಯಾದ ಒಬ್ಬ ಒಂದು ಸಂಜೆ ಇವರ ಕಾರ್ಯಕ್ರಮ ಕೇಳಿ ವೇದಿಕೆ ಹಿಂದೆ ಓಡಿ ಬಂದನಂತೆ. ನೀನು ಬಾರಿಸುವ ಡೋಲಿನ ತವರು ನಮ್ಮ ಸೀಮೆ ಎಂದು ಅರ್ಧ ಇಂಗ್ಲಿಷ್, ಅರ್ಧ ಕೈಸನ್ನೆಯಲ್ಲಿ ತಿಳಿಸಿದ. ಮರುದಿನ ಕ್ಯಾಸೆಟ್‌ಗಳ ಕಟ್ಟು ತಂದುಕೊಟ್ಟು, ಎರಡು ಕಡ್ಡಿ ಕುಟ್ಟಿ ಸಾಲ್ಸಾದ ಲೆಕ್ಕ ತೋರಿಸಿದ. “ಆ ಏಟು ಕೇಳ್ತಿದ್ದಂಗೆ ಮೈ ಜುಂ ಅಂತು. ನಮ್ಮಪ್ಪನ ತಮಟೆ ಏಟಲ್ಲ, ಆದ್ರೆ ಅದರ ಅಣ್ಣತಮ್ಮ ಅನ್ನಿಸ್ತು ಕಣ್ರೀ” ಎನ್ನುವಾಗ ಸಣ್ಣಮಾದಯ್ಯನವರ ಮುಖದಲ್ಲಿ ಈ ಬೆಳಗಿನ ಮೊದಲ ನಗು.

ಅಲ್ಲಿಂದ ಮುಂದೆ ಹತ್ತು ಹದಿನೈದು ವರ್ಷ ಮಾದು ಮೆಲೋಡೀಸ್ ಸುಗ್ಗಿ ಮಾಡಿತು. ಮದುವೆ ಮೆರವಣಿಗೆಯ ಬ್ಯಾಂಡಿನಿಂದ ಇಬ್ಬರು ಟ್ರಂಪೆಟ್‌ನವರನ್ನು ಎಳೆದು ತಂದರು. ಕೀಬೋರ್ಡಿಗೆ ವಾಗೀಶ ಬಂದರು. ಸಾಲ್ಸಾಕ್ಕೆ ಮಾದಣ್ಣನೇ ಕನ್ನಡದಲ್ಲಿ ನಾಲ್ಕು ಸಾಲು ಹೊಸೆದರು. ಗಣಪತಿ ಹಬ್ಬದ ತಿಂಗಳಿಡೀ ಒಂದು ಸಂಜೆಯೂ ಬಿಡುವಿರುತ್ತಿರಲಿಲ್ಲ. ಸರಸ್ವತಿಪುರಂನ ಮಹಡಿ ಕೋಣೆಯಲ್ಲಿ ಅಭ್ಯಾಸ ನಡೆದರೆ ಕೆಳಗಿನ ಹೋಟೆಲಿನವರು ಇಡ್ಲಿ ತಟ್ಟೆಯ ಮೇಲೆ ತಾಳ ಹಾಕುತ್ತಿದ್ದರಂತೆ.

ಆಮೇಲೆ ಎಲ್ಲ ಒಂದೊಂದಾಗಿ ಕಳಚಿತು. ಹತ್ತು ವಾದ್ಯದ ಸದ್ದನ್ನು ಒಬ್ಬನೇ ಹೊರಡಿಸುವ ಪ್ಯಾಡ್ ಬಂತು. ಕೊರೊನಾ ಕಳೆದ ಮೇಲೆ ಅದೂ ಬೇಡವಾಗಿ ಪೂರ್ತಿ ಟ್ರ್ಯಾಕೇ ಬಂತು. ಟ್ರಂಪೆಟ್‌ನವರಲ್ಲಿ ಒಬ್ಬರು ತೀರಿಕೊಂಡರು, ಇನ್ನೊಬ್ಬರು ಅಪಾರ್ಟ್‌ಮೆಂಟೊಂದರಲ್ಲಿ ಸೆಕ್ಯೂರಿಟಿ. ಅಭ್ಯಾಸದ ಕೋಣೆಯಲ್ಲಿ ಈಗ ಟ್ಯುಟೋರಿಯಲ್ ನಡೆಯುತ್ತಿದೆ. ಹಗಲು ಹೊತ್ತು ಸಣ್ಣಮಾದಯ್ಯ ಶಾಮಿಯಾನ ಅಂಗಡಿಯಲ್ಲಿ ಕುರ್ಚಿ ಹೊರುತ್ತಾರೆ. ದೊಡ್ಡಮ್ಮ ಪಿಜಿಯೊಂದರಲ್ಲಿ ಅಡುಗೆ ಮಾಡುತ್ತಾರೆ. ಬೆಳಿಗ್ಗೆ ತಾವೇ ಹಾಕಿದ ಕುರ್ಚಿಗಳ ಎದುರು ಮಾದಣ್ಣ ಸಂಜೆ ಕೋಟು ತೊಟ್ಟು ಕೂರುವುದೂ ಉಂಟು.

ಸುಮ್ಮನೆ ಕೈಯಾಡಿಸಿದರೆ ಸಾಕಲ್ಲ, ಹಗುರವಾದ ಕೆಲಸವೇ ಎಂದೆ. ನನ್ನ ಮಾತಿನ ಒರಟುತನ ಬಾಯಿಂದ ಹೊರಬಿದ್ದ ಮೇಲೆ ಗೊತ್ತಾಯಿತು. ಅವರು ಬೇಸರ ಮಾಡಿಕೊಳ್ಳಲಿಲ್ಲ.

“ಸುಳ್ಳೇಟು ಹಾಕಕ್ಕೆ ಕೈ ಬರಾಕಿಲ್ಲ ಸಾ. ಮೈಕ್ ಇರ್ಲಿ ಬುಡ್ಲಿ, ನಿಜ್ವಾಗ್ಲೂ ಬಾರಿಸ್ತೀನಿ. ಆದ್ರೆ ಹೋದ ವರ್ಷ ಗಣಪತಿಲಿ ಏನಾಯ್ತೋ ಏನೋ, ಒಂದು ಹಾಡು ಪೂರ್ತಿ ಬೇಕಂತ್ಲೇ ತಪ್ಪು ಬಾರಿಸ್ಬುಟ್ಟೆ. ತಾಳ ಇಲ್ಲ, ಗೀಳ ಇಲ್ಲ, ಹುಚ್ಚನ್ ತರ. ಯಾರಾದ್ರೂ ತಿರುಗಿ ನೋಡ್ತಾರೇನೋ ಅಂತ. ಪಕ್ಕದಲ್ಲೇ ಕೂತಿದ್ ವಾಗೀಶನೂ ನೋಡ್ಲಿಲ್ಲ. ಹಾಡು ಮುಗೀತು, ಎಲ್ಲ ಚಪ್ಪಾಳೆ ತಟ್ಟುದ್ರು.”

ಇದನ್ನು ಹೇಳುವಾಗ ಅವರು ಕೆಂಡವನ್ನೇ ನೋಡುತ್ತಿದ್ದಾರೆ. ಹಿಂದೆ ಒಂದೇಟು ತಪ್ಪಿದರೆ ಗಾಯಕರು ವೇದಿಕೆಯ ಮೇಲೇ ಕಣ್ಣು ಕೆಕ್ಕರಿಸುತ್ತಿದ್ದರು, ಇಳಿದ ಮೇಲೆ ಬೈಗುಳದ ಮಳೆಯೇ ಸುರಿಯುತ್ತಿತ್ತು ಎಂದು ಆಮೇಲೆ ನೆನಪಿಸಿಕೊಳ್ಳುತ್ತಾರೆ.

ಸಂಜೆ ಇಲವಾಲದ ಮಂಟಪ ತುಂಬಿ ತುಳುಕುತ್ತಿದೆ. ಸೌಂಡ್ ನೋಡಿಕೊಳ್ಳುವ ಪ್ರಸನ್ನ ಕಾಂಗೋ ಮುಂದೆ ಮೈಕ್ ಇಟ್ಟು ಆನ್ ಮಾಡುತ್ತಾನೆ. ಸಣ್ಣಮಾದಯ್ಯ ಒಂದೇಟು ಹಾಕುತ್ತಾರೆ. ಆ ಸದ್ದು ಸ್ಪೀಕರಿನಿಂದ ತಿರುಗಿ ಬಂದಾಗ, ತಮ್ಮದೇ ಕೈಸದ್ದಿಗೆ ತಾವೇ ಬೆಚ್ಚುತ್ತಾರೆ. ಗಾಯಕಿ ಬಿಂದುಶ್ರೀ ಟ್ರ್ಯಾಕಿನ ಕಾಲದಲ್ಲೇ ವೇದಿಕೆ ಹತ್ತಿದ ಹುಡುಗಿ. ಲೈವ್ ಎಂದರೆ ಅವಳಿಗೆ ಒಳಗೊಳಗೇ ಅಳುಕು. ವಾಗೀಶ ಕೀಬೋರ್ಡಿನಲ್ಲಿ ಎತ್ತಿಕೊಡುತ್ತಾರೆ, ಸಾಲ್ಸಾ ಶುರುವಾಗುತ್ತದೆ.

ಮೊದಲ ಚರಣ ಸೊಗಸಾಗಿ ಸಾಗುತ್ತದೆ. ಸಿದ್ದಲಿಂಗಸ್ವಾಮಿ ಎದ್ದು ನಿಂತು ಎರಡು ಹೆಜ್ಜೆ ಹಾಕುತ್ತಾರೆ. ಎರಡನೇ ಚರಣಕ್ಕೆ ಬರುವಾಗ ಕಾಂಗೋ ಓಡತೊಡಗುತ್ತದೆ. ಉಮೇದೋ, ಇಷ್ಟು ವರ್ಷ ಯಂತ್ರದ ಹಿಂದೆ ಹೋಗಿ ಹೋಗಿ ತಾಳ ತಾನೇ ಹಿಡಿಯುವ ರೂಢಿ ತಪ್ಪಿದ್ದೋ, ಅಂತೂ ಕೈ ನಿಲ್ಲುವುದಿಲ್ಲ. ಬಿಂದುಶ್ರೀ ಎತ್ತಿಕೊಳ್ಳುವ ಜಾಗ ತಪ್ಪುತ್ತಾಳೆ, ಗಕ್ಕನೆ ತಿರುಗಿ ನೋಡುತ್ತಾಳೆ. ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ಕಾರ್ಯಕ್ರಮದ ಉಸ್ತುವಾರಿ ಹೊತ್ತ ಕಂಪನಿಯ ಯುವಕನೊಬ್ಬ ಪ್ರಸನ್ನನ ಕಿವಿಯಲ್ಲಿ ಏನೋ ಉಸುರುತ್ತಾನೆ. ಕಾಂಗೋ ದನಿ ಸಣ್ಣಗಾಗುತ್ತಾ ಹೋಗಿ ಇಲ್ಲವಾಗುತ್ತದೆ, ಅದರ ಮೇಲೆ ಜೋರಾದ ಡಿಜೆ ಹಾಡು ಏಳುತ್ತದೆ. ಹುಡುಗರು ಹೋ ಎಂದು ಕುಣಿಯುತ್ತಾರೆ. ಸಿದ್ದಲಿಂಗಸ್ವಾಮಿಯನ್ನು ಯಾರೋ ಊಟದ ಪಂಕ್ತಿಗೆ ಕರೆದೊಯ್ಯುತ್ತಾರೆ. ಸಣ್ಣಮಾದಯ್ಯ ತಲೆ ಎತ್ತದೆ ಸಾಲ್ಸಾವನ್ನು ಕೊನೆಯವರೆಗೂ ಬಾರಿಸಿ ಮುಗಿಸುತ್ತಾರೆ. ಮುಗಿದದ್ದು ಅವರೊಬ್ಬರಿಗೇ ಗೊತ್ತು.

ಮಂಟಪದ ಹಿಂದೆ ಕಾಂಗೋವನ್ನು ಕಂಬಳಿಯಲ್ಲಿ ಸುತ್ತುತ್ತಿರುವಾಗ ಬಿಂದುಶ್ರೀ ದುಮುಗುಡುತ್ತಾ ಬರುತ್ತಾಳೆ.

“ಏನ್ ಮಾದಣ್ಣ ನೀವು! ಎರಡನೇ ಚರಣದಲ್ಲಿ ಅದ್ಯಾಕಂಗೆ ಓಡ್ಬುಟ್ರಿ? ಎಲ್ಲಿ ಹಿಡೀಬೇಕು ಅಂತಾನೇ ಗೊತ್ತಾಗ್ಲಿಲ್ಲ ನಂಗೆ. ಅಷ್ಟ್ ಜನದ ಮುಂದೆ ಮರ್ಯಾದೆ ಹೋಯ್ತು!”

“ತಪ್ಪಾಯ್ತು ಕಣಮ್ಮ” ಎನ್ನುತ್ತಾರೆ ಸಣ್ಣಮಾದಯ್ಯ. ಅವಳು ಸಿಡಿಮಿಡಿಯಲ್ಲೇ ಹೊರಟು ಹೋಗುತ್ತಾಳೆ.

ನಾಡಿದ್ದಿನ ಕಾರ್ಯಕ್ರಮಕ್ಕೆ ಮತ್ತೆ ಟ್ರ್ಯಾಕೇ ಎಂದು ಪ್ರಸನ್ನ ಆಗಲೇ ಹೇಳಿಯಾಗಿದೆ. ಇನ್ನೊಮ್ಮೆ ಮೈಕ್ ಆನ್ ಆಗುವುದು ಯಾವಾಗ, ಆಗುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಬೇಜಾರಾಯಿತೇ ಎಂದು ಕೇಳುತ್ತೇನೆ.

ಕಂಬಳಿಗೆ ಗಂಟು ಹಾಕುತ್ತಿದ್ದವರು ತಲೆ ಎತ್ತುತ್ತಾರೆ. ಕಣ್ಣು ತುಂಬಿದೆ.

“ಮೈಕ್ ತೆಗ್ದಿದ್ದಕ್ಕೆ ಬೇಜಾರಾಯ್ತು ಸಾ, ಯಾಕ್ ಸುಳ್ ಹೇಳ್ಲಿ. ಓಡಿದ್ದೂ ನಿಜ, ಬೆಳಿಗ್ಗೆ ಕೂತು ಆ ಜಾಗ ಸರಿ ಮಾಡ್ಕೋಬೇಕು. ಆದ್ರೆ ಆ ಮಗು ಎಂಗೆ ಬೈದ್ಲು ನೋಡುದ್ರಾ? ಕೇಳಿಸ್ಕೊಂಡೋರು ತಾನೆ ಬೈಯೋದು.”