ಮೂರು ಗ್ರಾಂ ಕಮ್ಮಿ ಇದ್ದ ಬುಗುರಿ

ನಾನು ಒಬ್ಬ ಮನುಷ್ಯನ ಕಣ್ಣಿಗೆ ಹೊಡೆದಿದ್ದೇನೆ, ಅದೂ ಒಂದು ಆಟದ ಸಾಮಾನಿಗಾಗಿ. ಸುತ್ತಿ ಬಳಸಿ ಹೇಳಲು ಹೊರಟರೆ ಎಲ್ಲೋ ಒಂದು ಕಡೆ ನನ್ನನ್ನು ನಾನೇ ಬಚಾವು ಮಾಡಿಕೊಳ್ಳುತ್ತೇನೆ. ಹಾಗಾಗಿ ಮೊದಲೇ ಹೇಳಿಬಿಟ್ಟೆ.

ನನಗೆ ಈಗ ನಲವತ್ತೆರಡು. ಮದುವೆಯಾಗಿಲ್ಲ. ಹರಿಹರದಲ್ಲಿ ಅಕ್ಕನ ಜೊತೆ ಇದ್ದೇನೆ. ಗುತ್ತೂರಿನ ಹತ್ತಿರ ಒಂದು ಸಣ್ಣ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ಕೆಲಸ ಮಾಡುತ್ತೇನೆ. ಲೇತಿನಿಂದ ಇಳಿದು ಬಂದ ಪಾರ್ಟುಗಳನ್ನು ವರ್ನಿಯರ್ ಎಂಬ ಚೂಪು ಮೂತಿಯ ಉಕ್ಕಿನ ಅಳತೆಪಟ್ಟಿ ಹಿಡಿದು ಅಳೆಯುವುದು, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ಕೆಂಪು ಬಣ್ಣ ಹಚ್ಚಿ ಪಕ್ಕಕ್ಕೆ ಹಾಕುವುದು. ಅಕ್ಕ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಅವಳ ಮುಂದಿನ ಒಂದು ಹಲ್ಲು ಕಟ್ಟಿಸಿದ್ದು. ಹೆಣ್ಣುಹುಡುಗಿ ಬೀದಿಯಲ್ಲಿ ಬುಗುರಿ ಆಡಬಾರದೆಂದು ಅವಳು ನನ್ನ ಕೈಯಿಂದ ದಾರ ಕಿತ್ತುಕೊಂಡಳು. ನಾನು ಅದೇ ಬುಗುರಿಯಿಂದ ಅವಳ ಬಾಯಿಗೆ ಹೊಡೆದೆ. ಆಗ ನನಗೆ ಒಂಬತ್ತು ವರ್ಷ. ಬೆಳೆದ ಮೇಲೆ ಆ ಕೈ ತಾನಾಗಿ ಸುಮ್ಮನಾಯಿತು ಅಂದುಕೊಂಡಿದ್ದೆ.

ಜಪಾನಿನ ಬುಗುರಿಗಳು ನನ್ನ ಕಣ್ಣಿಗೆ ಬಿದ್ದದ್ದು ಕಾರ್ಖಾನೆಯಲ್ಲಿಯೇ. ಪಕ್ಕದ ಶೆಡ್ಡಿನಲ್ಲಿ ಸತುವಿನ ಗುಜರಿ ಕರಗಿಸಿ ಅಚ್ಚಿಗೆ ಹೊಯ್ಯುತ್ತಾರೆ. ಒಂದು ಮಧ್ಯಾಹ್ನ ಆ ಗುಜರಿಯ ರಾಶಿಯಲ್ಲಿ ಅಂಗೈ ಅರ್ಧದಷ್ಟಿದ್ದ ಒಂದು ಚಕ್ರ ಸಿಕ್ಕಿತು. ಅಂಚಿನ ತುಂಬ ಮೊನೆ, ಮೊನೆಗಳ ತುಂಬ ಏಟಿನ ಗುರುತು. ಆದರೂ ಅಳೆದು ನೋಡಿದರೆ ಎದುರುಬದುರಿನ ಎರಡು ಮೊನೆಗಳ ನಡುವೆ ವ್ಯತ್ಯಾಸವೇ ಇರಲಿಲ್ಲ. ಮಕ್ಕಳ ಆಟಕ್ಕೆ ಇಷ್ಟು ಶ್ರದ್ಧೆಯಿಂದ ಎರಕ ಹೊಯ್ದವರು ಯಾರಪ್ಪಾ ಎಂದು ಫೋನಿನಲ್ಲಿ ಹುಡುಕಿದೆ. ಮೇಲೆ ಲೋಹದ ಚಕ್ರ, ನಡುವೆ ಪ್ಲಾಸ್ಟಿಕ್ಕಿನ ಗಾಲಿ, ಕೆಳಗೆ ತಿರುಗುವ ಮೊನೆ. ಮೂರೂ ಸೇರಿದರೆ ಒಂದು ಬುಗುರಿ. ಲಾಂಚರ್ ಎಂಬ ಹಿಡಿಗೆ ಬುಗುರಿ ಸಿಕ್ಕಿಸಿ, ಅದರಲ್ಲಿ ತೂರಿಸಿದ ಹಲ್ಲುಪಟ್ಟಿ ಎಳೆದು ಬಿಟ್ಟು, ಬೋಗುಣಿಯಂಥ ಕಣದಲ್ಲಿ ಎರಡನ್ನು ಬಡಿದಾಡಿಸುತ್ತಾರೆ. ಕೊನೆಯವರೆಗೆ ತಿರುಗಿದ್ದು ಗೆದ್ದಂತೆ.

ಅವತ್ತಿನಿಂದ ಹುಚ್ಚು ಹಿಡಿಯಿತು. ದಾವಣಗೆರೆಯ ಹಳೇ ಪೇಟೆಯಲ್ಲಿ ಒಬ್ಬ ಸಾಬರ ಗುಜರಿ ಅಂಗಡಿಗೆ ವಿದೇಶದ ಹಳೆಯ ಆಟದ ಸಾಮಾನು ಮೂಟೆಗಟ್ಟಲೆ ಬರುತ್ತದೆಂದು ಗೊತ್ತಾಯಿತು. ಪ್ರತಿ ಭಾನುವಾರ ಬಸ್ಸು ಹತ್ತಿ ಹೋಗುತ್ತಿದ್ದೆ. ನಾನು ಅವರನ್ನು ಚಾಚಾ ಅನ್ನುತ್ತಿದ್ದೆ, ಅವರು ಬೇಟಿ ಅನ್ನುತ್ತಿದ್ದರು. ಟಾರ್ಪಾಲಿನ ಮೇಲೆ ಮೂಟೆ ಸುರಿದರೆ ಕಾಲಿಲ್ಲದ ಡೈನೋಸಾರು, ಬಾಗಿಲು ಕಿತ್ತ ಕಾರುಗಳ ನಡುವೆ ಮೂರೋ ನಾಲ್ಕೋ ಬುಗುರಿ ಇರುತ್ತಿದ್ದವು. ಮೊದಲು ತೂಕ ನೋಡುತ್ತಿದ್ದೆ. ಆಮೇಲೆ ಚಕ್ರದ ಹೊಟ್ಟೆಯಡಿಯ ಸಣ್ಣ ಅಕ್ಷರ, ಆಮೇಲೆ ಮೊನೆ ಎಷ್ಟು ಸವೆದಿದೆ ಎಂಬುದು. ಕೊನೆಗೆ ಏಟುಗಳನ್ನು ಓದುತ್ತಿದ್ದೆ. ಒಂದೇ ಕಡೆ ಸಾಲಾಗಿ ಏಟು ಬಿದ್ದಿದ್ದರೆ ಅದು ಎದುರಾಳಿಯನ್ನು ಬೆನ್ನಟ್ಟಿ ಹೊಡೆದ ಬುಗುರಿ. ಸುತ್ತಲೂ ಚದುರಿದ್ದರೆ ಹೊಡೆಸಿಕೊಂಡೇ ನಿಂತದ್ದು. ಎಲ್ಲೋ ದೂರದ ದೇಶದ ಮಗುವೊಂದು ಸಿಟ್ಟಿನಿಂದ ನೆಲಕ್ಕೆ ಅಪ್ಪಳಿಸಿದ್ದೂ ಗೊತ್ತಾಗುತ್ತಿತ್ತು, ಏಕೆಂದರೆ ಸಿಮೆಂಟಿನ ಗಾಯ ಬೇರೆ, ಲೋಹದ ಗಾಯ ಬೇರೆ.

ಅದೇ ಅಂಗಡಿಗೆ ಇನ್ನೊಬ್ಬ ಬರುತ್ತಿದ್ದ. ನನಗಿಂತ ಏಳೆಂಟು ವರ್ಷ ಚಿಕ್ಕವನು, ದಾವಣಗೆರೆಯಲ್ಲೇ ಗೂಡ್ಸ್ ಆಟೋ ಓಡಿಸುತ್ತಿದ್ದ. ಅವನ ಪರೀಕ್ಷೆಯೇ ಬೇರೆ. ಮಿರ್ಚಿ ಬಂಡಿಯವರು ಎಸೆದ, ಒಂದು ಕಿವಿ ಮುರಿದ ಬಾಣಲೆ ಒಂದನ್ನು ಅಂಗಡಿಯಲ್ಲಿ ಇಟ್ಟುಕೊಂಡಿದ್ದ. ಸಿಕ್ಕ ಬುಗುರಿಯನ್ನು ಅದರೊಳಗೆ ತನ್ನ ಬುಗುರಿಯ ಎದುರು ಬಿಡುತ್ತಿದ್ದ. ಕಬ್ಬಿಣದ ಬಾಣಲೆಯಲ್ಲಿ ಆ ಎರಡು ತಿರುಗುತ್ತ ಹತ್ತಿರ ಬರುವ ಸದ್ದು ಕೇಳಿದರೆ ನನ್ನ ಹಲ್ಲು ಬಿಗಿಯುತ್ತಿದ್ದವು. ಕಿಡಿ ಹಾರುತ್ತಿತ್ತು. ಗೆಲ್ಲುವಷ್ಟಕ್ಕೆ ಅವನಿಗೆ ಸಮಾಧಾನವಿಲ್ಲ, ಮುರಿಯಬೇಕು. ಒಂದು ಸಲ ಸಿಡಿದ ಚೂರೊಂದು ಚಾಚಾನ ಟ್ಯೂಬ್‌ಲೈಟು ಒಡೆಯಿತು, ಇನ್ನೊಂದು ಸಲ ಬೀದಿನಾಯಿಯ ಮೂಗು ಹರಿಯಿತು. ಅವನು ಬಾಯಿ ತುಂಬ ನಗುತ್ತಿದ್ದ. ಇಂಥ ಚೆಂದದ ಎರಕವನ್ನು ಯಾಕೆ ಹಾಳು ಮಾಡುತ್ತೀರಿ ಎಂದು ನಾನು ಕೇಳಿದ್ದಕ್ಕೆ, "ಬಡಿದಾಡದ ಬುಗುರಿ ಇಟ್ಗಂಡು ಏನ್ ಮಾಡ್ತೀರಿ ಮೇಡಂ? ಪೂಜೆ ಮಾಡ್ತೀರಾ?" ಅಂದ.

ಸಿಡಿದ ಚೂರುಗಳಲ್ಲಿ ಒಂದು ಅವನಿಗೇ ಬಡಿಯಲಿ ಎಂದು ಎಷ್ಟೋ ಭಾನುವಾರ ಮನಸ್ಸಿನಲ್ಲಿ ಅಂದುಕೊಂಡಿದ್ದೇನೆ.

ಆ ಭಾನುವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಚಾಚಾ ಹೊಸ ಮೂಟೆ ಸುರಿದರು. ರಾಶಿಯ ಅಂಚಿನಲ್ಲಿ ಕಪ್ಪು ನೀಲಿ ಬಣ್ಣದ ಒಂದು ಬುಗುರಿ ಉರುಳಿತು. ಅದೇ ಅಚ್ಚಿನ ಬಿಳಿಯ ಬುಗುರಿ ನನ್ನ ಬಳಿ ಇತ್ತು. ಕಪ್ಪು ನೀಲಿಯದು ಅಂಗಡಿಯಲ್ಲಿ ಮಾರಿದ್ದೇ ಅಲ್ಲ, ಜಪಾನಿನಲ್ಲಿ ಪಂದ್ಯ ಗೆದ್ದ ಮಕ್ಕಳಿಗೆ ಮಾತ್ರ ಕೊಟ್ಟದ್ದು ಎಂದು ಸಂಗ್ರಹಕಾರರು ಹೇಳುತ್ತಾರೆ. ಇಬ್ಬರೂ ಕೈ ಚಾಚಿದೆವು. ಅವನ ಕೈ ಮೊದಲು ಬಿತ್ತು. ಈ ಮಾತನ್ನು ಒಪ್ಪಿಕೊಳ್ಳಲು ನನಗೆ ಬಹಳ ದಿನ ಬೇಕಾಯಿತು.

ಅದನ್ನು ಬಾಣಲೆಗೆ ಬಿಡಬೇಡಿ, ನನ್ನ ಡಬ್ಬಿಯಲ್ಲಿರುವ ಯಾವುದನ್ನಾದರೂ ಆರಿಸಿಕೊಂಡು ಇದನ್ನು ನನಗೆ ಕೊಡಿ ಎಂದು ಕೇಳಿಕೊಂಡೆ. ಅವನು ಕೇಳಿಸಿಕೊಳ್ಳುತ್ತಲೇ ಅದನ್ನು ಲಾಂಚರಿಗೆ ಸಿಕ್ಕಿಸಿ, ಹಲ್ಲುಪಟ್ಟಿಯನ್ನು ಬೇಕೆಂದೇ ನಿಧಾನವಾಗಿ ತೂರಿಸಿದ. ನಾನು ಅವನ ಮಣಿಕಟ್ಟು ಹಿಡಿದೆ. "ಕೈ ಬಿಡ್ರಿ," ಅಂದ. ಬಿಡಲಿಲ್ಲ. ಅವನು ಕೊಡವಿದ ರಭಸಕ್ಕೆ ನಾನು ಹಿಂದಿದ್ದ ಕಬ್ಬಿಣದ ರಾಶಿಯ ಮೇಲೆ ಬಿದ್ದೆ. ಮೊಣಕೈ ಸೀಳಿತು. ಅವನು ನನ್ನ ಕಡೆ ನೋಡಿದ, ಮತ್ತೆ ಬಾಣಲೆಯ ಕಡೆ ತಿರುಗಿದ.

ನನ್ನ ಬಲಗೈಯಲ್ಲಿ ವರ್ನಿಯರ್ ಇತ್ತು. ಅಳೆಯಲೆಂದು ಆಗಲೇ ಚೀಲದಿಂದ ತೆಗೆದಿದ್ದೆ. ಎದ್ದವಳೇ ಹೊಡೆದೆ. ಮೊದಲನೆಯದು ಕೆನ್ನೆಗೆ ಬಿತ್ತು. ಅವನು ಕೈ ಅಡ್ಡ ತಂದ, ನಾನು ಆ ಕೈಯನ್ನು ಎಡಗೈಯಿಂದ ಸರಿಸಿ ಮತ್ತೆ ಹೊಡೆದೆ. ಎರಡನೆಯ ಏಟಿನಲ್ಲಿ ಅದರ ಉಕ್ಕಿನ ಮೂತಿ ಹುಬ್ಬು ಸೀಳಿ ಕಣ್ಣಿಗೆ ಇಳಿಯಿತು. ಎರಡನೆಯ ಏಟು ಕೈತಪ್ಪಿ ಬಿದ್ದದ್ದಲ್ಲ. ಎಲ್ಲಿ ಹೊಡೆಯುತ್ತಿದ್ದೇನೆಂದು ನನಗೆ ಗೊತ್ತಿತ್ತು. ಗೊತ್ತಿದ್ದು ಹೊಡೆಯುವಾಗ ಒಂದು ಸುಖವೂ ಇತ್ತು.

ಅವನು ಕಿರುಚಲಿಲ್ಲ. ಕುಕ್ಕರಗಾಲಿನಲ್ಲಿ ಕೂತು ಮುಖವನ್ನು ಎರಡೂ ಕೈಯಿಂದ ಮುಚ್ಚಿಕೊಂಡ. ಬೆರಳುಗಳ ಸಂದಿಯಿಂದ ರಕ್ತ ಇಳಿದು ಬಾಣಲೆಯೊಳಗೆ ತೊಟ್ಟಿಕ್ಕಿತು. ಚಾಚಾ ತಮ್ಮ ಹೆಗಲ ಮೇಲಿನ ಟವೆಲನ್ನು ಅವನ ಮುಖಕ್ಕೆ ಒತ್ತಿ ಹಿಡಿದು, ನನ್ನ ಕಡೆ ತಿರುಗದೆ, "ಆಟೋ ಕರಿ ಬೇಟಿ, ನಿಂತ್ಕಬ್ಯಾಡ," ಅಂದರು. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ವರ್ನಿಯರ್ ಕೈಯಲ್ಲಿ ಹಿಡಿದುಕೊಂಡೇ ಬೀದಿಗೆ ಓಡಿದೆ.

ಏಟು ಬಿದ್ದ ಕೇಸೆಂದು ಆಸ್ಪತ್ರೆಯವರು ಠಾಣೆಗೆ ತಿಳಿಸಿದರು. ಮಧ್ಯಾಹ್ನ ಒಬ್ಬ ಪೊಲೀಸಿನವರು ಬಂದು ಹೇಳಿಕೆ ಬರೆದುಕೊಳ್ಳಲು ಮಂಚದ ಪಕ್ಕ ಕೂತರು. ನಾನು ಬಾಗಿಲ ಹತ್ತಿರವೇ ಇದ್ದೆ, ಮೊಣಕೈಗೆ ಪಟ್ಟಿ ಸುತ್ತಿದ್ದರು. ಕೇಳಿದ ತಕ್ಷಣ ಹೇಳಿಬಿಡಬೇಕೆಂದು ತಯಾರಾಗಿದ್ದೆ. ಆದರೆ ಅವರು ಅವನನ್ನು ಮೊದಲು ಕೇಳಿದರು. ಅವನು ತೆರೆದಿದ್ದ ಒಂದೇ ಕಣ್ಣಿನಿಂದ ನನ್ನನ್ನು ನೋಡಿ, "ಬುಗುರಿ ಸಿಡೀತ್ರಿ ಸರ್. ಯಾರ್ದೂ ತಪ್ಪಿಲ್ಲ," ಅಂದ. ಚಾಚಾನನ್ನು ಕೇಳಿದರು. ಚಾಚಾ ನೆಲ ನೋಡುತ್ತ ಹೌದೆಂದು ತಲೆಯಾಡಿಸಿದರು. ನನ್ನನ್ನು ಯಾರೂ ಕೇಳಲೇ ಇಲ್ಲ. ನಾನು ಸುಮ್ಮನೆ ನಿಂತೆ.

ಯಾಕೆ ಹಾಗೆ ಹೇಳಿದನೆಂದು ಹೊರಗೆ ಬಂದ ಮೇಲೆ ಚಾಚಾನ ಹತ್ತಿರ ಕೇಳಿದೆ. "ಹೆಂಗಸಿನ ಕೈಲಿ ಏಟು ತಿಂದೆ ಅಂತ ಯಾವ ಗಂಡಸು ಬರೆಸ್ತಾನೆ?" ಅಂದರು. ಆಮೇಲೆ ಜೇಬಿನಿಂದ ಕರವಸ್ತ್ರದಲ್ಲಿ ಸುತ್ತಿದ್ದ ಆ ಬುಗುರಿ ತೆಗೆದು ನನ್ನ ಕೈಗೆ ಹಾಕಿದರು. ಇದು ನನ್ನ ಅಂಗಡಿಯಲ್ಲಿ ಇರುವುದು ಬೇಡ ಎಂದರು.

ಮನೆಯಲ್ಲಿ ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಮಷೀನು ನಿಲ್ಲಿಸಿ ಕೇಳಿದಳು. ಅವಳ ಬೆರಳು ತಾನಾಗಿ ಮೇಲ್ದುಟಿಗೆ ಹೋಯಿತು. ಬೈಯಲಿಲ್ಲ. ಅವತ್ತು ಅವಳು ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಬುಗುರಿಯನ್ನು ನಾಲ್ಕು ದಿನ ಮುಟ್ಟಲಿಲ್ಲ. ಐದನೆಯ ದಿನ ಒಣಗಿದ ರಕ್ತ ತೊಳೆದು ತಕ್ಕಡಿಗೆ ಇಟ್ಟೆ. ನನ್ನ ಬಿಳಿಯ ಬುಗುರಿಯ ಚಕ್ರ ಮೂವತ್ತಮೂರು ಗ್ರಾಂ. ಇದರದು ಮೂವತ್ತು. ಮಗುಚಿ ನೋಡಿದೆ. ಅಕ್ಷರಗಳ ಅಂಚು ಮೊಂಡಾಗಿತ್ತು, ಬಣ್ಣದ ಕೆಳಗೆ ಎರಕದ ಗುಳ್ಳೆಗಳಿದ್ದವು. ಅಸಲಿಯ ಮೇಲೆ ಅಚ್ಚು ತೆಗೆದು ಮಾಡಿದ ನಕಲಿ. ಕಾರ್ಖಾನೆಯಲ್ಲಾಗಿದ್ದರೆ ಕಣ್ಣೋಟದಲ್ಲೇ ಕೆಂಪು ಬಣ್ಣ ಹಚ್ಚಿ ಬಿಸಾಡುತ್ತಿದ್ದೆ.

ಹತ್ತು ದಿನ ಕಳೆದ ಮೇಲೆ, ಒಂದು ಶನಿವಾರ ಮಧ್ಯಾಹ್ನ ಅವನ ಮನೆಗೆ ಹೋದೆ. ಮೊದಲ ಪಾಳಿ ಮುಗಿಸಿ ನೇರವಾಗಿ. ಒಂದೇ ಕೋಣೆಯ ಮನೆ, ಎದುರಿಗೆ ಗೂಡ್ಸ್ ಆಟೋ ನಿಂತಿತ್ತು. ಅವನು ಎಡಗಣ್ಣಿಗೆ ಪಟ್ಟಿ ಕಟ್ಟಿಕೊಂಡು ಚಾಪೆಯ ಮೇಲೆ ಕೂತಿದ್ದ. ಹೆಂಡತಿ ಮಂಡಕ್ಕಿ ಭಟ್ಟಿಯ ಕೆಲಸದಿಂದ ಆಗತಾನೇ ಬಂದಿದ್ದಳು, ಕೂದಲ ಮೇಲೆ ಇನ್ನೂ ಬೂದಿ ಇತ್ತು. ಗುಜರಿ ಅಂಗಡಿಯಲ್ಲಿ ಪರಿಚಯ ಎಂದೆ. ಕೂಡ್ರಿ ಎಂದು ಮಣೆ ಹಾಕಿ, ನೀರಿನ ತಂಬಿಗೆ ತಂದು ಮುಂದೆ ಇಟ್ಟಳು. ಎಂಥಾ ಆಟದ ಸಾಮಾನು ನೋಡ್ರಿ, ಮನುಷ್ಯರ ಕಣ್ಣು ತಿನ್ನೋದು ಎಂದು ತಾನೇ ಮಾತು ತೆಗೆದಳು. ಅವನು ನನ್ನ ಕಡೆ ನೋಡಿ, ಹೇಳಬೇಡಿ ಎಂಬಂತೆ ತಲೆ ಅಲ್ಲಾಡಿಸುತ್ತಿದ್ದ. ನಾನು ನೋಡಿದೆ, ನೋಡಿಯೂ ಹೇಳಿದೆ.

"ಬುಗುರಿ ಸಿಡಿದಿಲ್ಲಮ್ಮ. ನಾನೇ ಹೊಡೆದಿದ್ದು."

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಅದೇ ತಂಬಿಗೆ ಎತ್ತಿ ನನ್ನ ಹಣೆಗೆ ಕುಕ್ಕಿದಳು. ನೀರು, ರಕ್ತ ಎರಡೂ ಕಣ್ಣಿಗೆ ಬಂದವು. ಜಡೆ ಹಿಡಿದು ಹೊಸ್ತಿಲವರೆಗೆ ಎಳೆದಳು, ಬೆನ್ನಿಗೆ ಗುದ್ದಿದಳು, ಪಕ್ಕೆಗೆ ಒದ್ದಳು. ಭಟ್ಟಿಯಲ್ಲಿ ದಿನವಿಡೀ ದುಡಿದ ಕೈ. ನಾನು ನನ್ನ ಎರಡು ಕೈಗಳನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಕೂತೆ, ಎಲ್ಲಿ ಮತ್ತೆ ಏಳುತ್ತವೋ ಎಂಬ ಹೆದರಿಕೆಯಿಂದ. ಓಣಿಯವರು ಸೇರಿದರು. ಇವಳೇ ನನ್ನ ಗಂಡನ ಕಣ್ಣು ಕಿತ್ತವಳು ಎಂದು ಅವಳು ಎಲ್ಲರಿಗೂ ಕೇಳುವಂತೆ ಕೂಗಿದಳು. ಗುಂಪಿನಲ್ಲಿ ಯಾರೋ ಒಬ್ಬ ಗಂಡಸು ನಕ್ಕ. ಹೆಂಗಸು ಹೊಡೆದಳಂತೆ ಎಂದು ಇನ್ನೊಬ್ಬನಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು, ಅವನ ಕಿವಿಗೂ ಬಿತ್ತು.

ಅವನು ಗೋಡೆ ಹಿಡಿದು ಎದ್ದು ಬಂದು ಹೆಂಡತಿಯನ್ನು ಬಿಡಿಸಿದ, ಬಾಗಿಲು ಹಾಕಿದ. ನನ್ನ ಮೇಲೆ ಅವನಿಗೆ ಮೊದಲ ಸಲ ಸಿಟ್ಟು ಬಂದಿತ್ತು.

"ಯಾಕ ಹೇಳಿದ್ರಿ? ನಾ ಮುಚ್ಚಿದ್ದೆ. ನಿಮ್ಮ ಮನಸ್ಸು ಹಗುರ ಆಗ್ಲಿ ಅಂತ ನನ್ನ ಮರ್ಯಾದೆ ತೆಗೆದ್ರಿ."

ನಾನು ತಪ್ಪೊಪ್ಪಿಕೊಳ್ಳಲು ಬಂದವಳು ಅವನಿಗೆ ಮತ್ತೊಂದು ಏಟು ಹಾಕಿದ್ದೆ. ಅವನು ಆ ಬುಗುರಿ ಎಲ್ಲಿದೆ ಎಂದು ಕೇಳಿದ. ಚೀಲದಿಂದ ತೆಗೆದು ಕೊಟ್ಟೆ.

"ಅಸಲಿನಾ?"

"ಅಲ್ಲ. ಮೂರು ಗ್ರಾಂ ಕಮ್ಮಿ ಐತೆ. ಒಳಗೆ ಗುಳ್ಳೆ."

ಅವನಿಗೆ ನಂಬಿಕೆ ಬರಲಿಲ್ಲ. ಹೆಂಡತಿಗೆ ಅಡುಗೆಯ ಬಾಣಲೆ ಇಳಿಸಲು ಹೇಳಿದ. ಅವಳು ತಲೆ ಕೆಟ್ಟಿದೆಯಾ ಎಂದಳು, ಆದರೂ ಇಳಿಸಿದಳು. ತನ್ನ ಹಳೆಯ ಬುಗುರಿಯನ್ನು ಅವನು ಲಾಂಚರಿಗೆ ಹಾಕಿಕೊಂಡ, ನಕಲಿಯನ್ನು ಇನ್ನೊಂದು ಲಾಂಚರಿಗೆ ಸಿಕ್ಕಿಸಿ ನನಗೆ ಕೊಟ್ಟ. ನಾನು ಅಲ್ಲಿಯವರೆಗೆ ಒಂದು ಬುಗುರಿಯನ್ನೂ ಕಣಕ್ಕೆ ಬಿಟ್ಟವಳಲ್ಲ. ಹಣೆಯ ರಕ್ತ ಸೆರಗಿನಿಂದ ಒರೆಸಿಕೊಂಡು ಹಲ್ಲುಪಟ್ಟಿ ಎಳೆದೆ. ಎರಡೂ ಬಾಣಲೆಯ ಗೋಡೆ ಹತ್ತಿ ಇಳಿದು, ತಳದಲ್ಲಿ ಒಂದಕ್ಕೊಂದು ಬಡಿದವು. ಒಂದೇ ಏಟು. ನಕಲಿ ಎರಡು ಹೋಳಾಗಿ ಸಿಡಿದು, ಒಂದು ಚೂರು ಅವನ ಎಡಕ್ಕೆ ಗೋಡೆಗೆ ಹೊಡೆದು ನೆಲಕ್ಕೆ ಬಿತ್ತು. ಅವನು ಅದನ್ನು ಬಲಗಡೆ ಹುಡುಕಿದ. ಪಟ್ಟಿ ಕಟ್ಟಿದ ಎಡಗಡೆ ಅವನಿಗೆ ಏನೂ ಕಾಣುತ್ತಿಲ್ಲವೆಂದು ನನಗೆ ಆಗ ಹೊಳೆಯಿತು. ನಾನೇ ಮೊಣಕಾಲೂರಿ ಚೂರು ಹೆಕ್ಕಿ ಅವನ ಅಂಗೈಗೆ ಇಟ್ಟೆ. ಮುರಿದ ಬಾಯನ್ನು ಹೆಬ್ಬೆರಳಿನಿಂದ ಸವರಿ ನೋಡಿದ. ಗುಳ್ಳೆಗಳು ಕೈಗೆ ಸಿಕ್ಕಿರಬೇಕು. ಕಿಟಕಿಯಿಂದ ಚರಂಡಿಗೆ ಎಸೆದ.

"ಇನ್ನ ಹೋಗ್ರಿ," ಅಂದ.

ಅವನ ಎಡಗಣ್ಣಿಗೆ ಈಗ ಬೆಳಕು, ನೆರಳು ಮಾತ್ರ ಗೊತ್ತಾಗುತ್ತದಂತೆ. ಆಟೋ ಮಾರಿದ. ಚಾಚಾನ ಅಂಗಡಿಯಲ್ಲೇ ಮೂಟೆ ಬಿಚ್ಚಿ ಸಾಮಾನು ಬೇರ್ಪಡಿಸುವ ಕೆಲಸಕ್ಕೆ ಕೂತಿದ್ದಾನೆ. ನಾನು ಭಾನುವಾರ ಅಲ್ಲಿಗೆ ಹೋಗುವುದು ಬಿಟ್ಟಿದ್ದೇನೆ. ಒಂದು ಸಲ ಅಕ್ಕ ದಾವಣಗೆರೆಗೆ ಬಟ್ಟೆ ತರಲು ಹೋದಾಗ ಅವನನ್ನು ಕಂಡು, ನನ್ನ ಸಂಗ್ರಹವೆಲ್ಲ ಕಳಿಸಲೇ ಎಂದು ಕೇಳಿದಳಂತೆ. ಬೇರೆ ಯಾವುದೂ ಬೇಡ, ಆ ಬಿಳಿಯದೊಂದು ಸಾಕು ಎಂದನಂತೆ. ಅದನ್ನು ಕಳಿಸಿದೆ. ಅವನು ಅದನ್ನು ಮರುದಿನವೇ ಬಾಣಲೆಯಲ್ಲಿ ಬಡಿದಾಡಿಸಿ ಒಡೆದನೆಂದು ಚಾಚಾ ಫೋನಿನಲ್ಲಿ ಹೇಳಿದರು. ಎಷ್ಟು ಏಟಿಗೆ ಒಡೆಯಿತು ಎಂದು ನಾನು ಕೇಳಿದೆ. ಹದಿನಾಲ್ಕು ಸಲ ಬಿಡಬೇಕಾಯಿತು ಎಂದರು.