ಹತ್ತು ರೊಟ್ಟಿಯ ಬೋಣಿಗೆ

ಉದ್ಯಮಶೀಲತೆಯೇ ನಾಡಿನ ಏಳಿಗೆಯ ತಳಪಾಯ ಎಂದು ಬಲ್ಲವರು ಹೇಳುತ್ತಾರೆ. ಆ ತಳಪಾಯಕ್ಕೆ ಆರು ಸೆಟ್ ಜೆರಾಕ್ಸ್ ಬೇಕೆಂಬುದನ್ನು ಮಾತ್ರ ಹೇಳುವುದಿಲ್ಲ.

ನನ್ನ ತಂಗಿ ಹರಪನಹಳ್ಳಿಯ ಒಂದು ಖಾನಾವಳಿಯಲ್ಲಿ ಹನ್ನೆರಡು ವರ್ಷ ಜೋಳದ ರೊಟ್ಟಿ ಬಡಿದವಳು. ಈಗ ಬಲಗೈ ಭುಜಕ್ಕಿಂತ ಮೇಲೆ ಏಳುವುದಿಲ್ಲ. ಹೆರಳು ಹಾಕಿಕೊಳ್ಳಲೂ ಮಗಳನ್ನು ಕರೆಯಬೇಕು. ಮೊದಲ ಸಲ ಉದ್ಯಮ ಹೂಡುವ ಹೆಂಗಸರಿಗೆ ಸರ್ಕಾರ ಬ್ಯಾಂಕಿನ ಮೂಲಕ ಸಹಾಯಧನ ಕೊಡುತ್ತದೆ, ರೊಟ್ಟಿ ಮಷಿನ್ ತೆಗೆದುಕೊಳ್ಳಬಹುದು ಎಂದು ಕೇಳಿ ನನ್ನಲ್ಲಿಗೆ ಬಂದಳು. ಗುಮಾಸ್ತನಾಗಿ ನಿವೃತ್ತನಾದವನು ಮನೆಯಲ್ಲಿದ್ದರೆ ಅರ್ಜಿ ಬರೆಯುವವರನ್ನು ಬೇರೆಲ್ಲಿ ಹುಡುಕುತ್ತಾರೆ?

ಅರ್ಜಿಯಲ್ಲಿ, ಐದು ವರ್ಷದ ನಂತರ ದಿನಕ್ಕೆ ಎಷ್ಟು ರೊಟ್ಟಿ ಮಾರುವಿರಿ ಎಂದು ಕೇಳಿದ್ದರು. ಅಷ್ಟು ದಿನ ನಾನೇ ಇರುತ್ತೇನೋ ಇಲ್ಲವೋ. ಆದರೂ ಗಂಭೀರವಾಗಿ ಬರೆದೆ. ನಮ್ಮ ತಾಲ್ಲೂಕು ಕೂತಲ್ಲೇ ಮೂರು ಜಿಲ್ಲೆ ಕಂಡಿದೆ. ಒಂದು ಪ್ರಮಾಣಪತ್ರದಲ್ಲಿ ಹಳೆಯ ಜಿಲ್ಲೆಯ ಹೆಸರೇ ಉಳಿದಿತ್ತು. ಅದನ್ನು ತಿದ್ದಿಸಲು ನಾಲ್ಕು ಸಲ ಹೊಸಪೇಟೆಯ ಬಸ್ಸು ಹತ್ತಿದೆವು. ನಾಲ್ಕನೆಯ ಸಲ ಕಂಡಕ್ಟರ್ ಕೇಳದೆಯೇ ಟಿಕೆಟ್ ಹರಿದ.

ಕೊನೆಗೆ ಬ್ಯಾಂಕಿನವರು ಮನೆಗೆ ಬಂದು ಮಾಡುವ ತನಿಖೆಯೊಂದೇ ಉಳಿಯಿತು. ದಾವಣಗೆರೆಯ ಅಂಗಡಿಯವನು, "ತೋರ್ಸಾಕ ಇಟ್ಕಳ್ರಿ, ಮಂಜೂರಾದ ಮ್ಯಾಲೆ ರೊಕ್ಕ ಕೊಡ್ರಿ" ಎಂದು ಮಷಿನ್ ಕಳಿಸಿದ. ಸೋಮವಾರ ಬಂದಿಳಿಯಿತು. ಮಷಿನ್ ಬಂದ ಮೇಲೆ ಪೂಜೆ ಮಾಡದೆ ಇಡುವುದುಂಟೆ? ಪೂಜೆಯಾದ ಮೇಲೆ ಬೋಣಿಗೆ, ಅಂದರೆ ಮೊದಲ ಮಾರಾಟ, ಆಗದೆ ಬಿಡುವುದುಂಟೆ?

"ಮಂಜೂರಾಗ್ಲಿ ತಗೋ ಅಣ್ಣಾ, ಏನವಸರ ಐತಿ?" ಎಂದಳು ತಂಗಿ.

"ಸುಮ್ನಿರವ್ವಾ. ಪೂಜಿ ಆದ ಮಷಿನ್ನು ಬೋಣಿಗಿ ಇಲ್ದಂಗ ಕುಂದರಬಾರ್ದು" ಎಂದೆ. ಹಿರಿಯನಾದವನು ಹೀಗೆಲ್ಲ ಹೇಳಬೇಕಾಗುತ್ತದೆ.

ಪಕ್ಕದ ಮನೆಯಾಕೆ ಹತ್ತು ರೊಟ್ಟಿ ಕೊಂಡಳು. "ನಿನ್ನ ಕೈಯಾಗ ಒಂದಿನನಾರ ಹಿಂಗ ಗುಂಡಗ ಬಂದಿದ್ವೇನ ಲೇ?" ಎಂದು ತಂಗಿಯನ್ನು ಕೆಣಕಿದಳು. ತಂಗಿ ನಕ್ಕಳು. ಅವಳು ಹಾಗೆ ನಕ್ಕು ಬಹಳ ದಿನವಾಗಿತ್ತು.

ಗುರುವಾರ ಬ್ಯಾಂಕಿನ ಸಾಹೇಬರು ತನಿಖೆಗೆ ಬಂದರು. ಮಷಿನ್ನಿನ ಮೇಲಿನ ವಿಭೂತಿ, ಕುಂಕುಮ ನೋಡಿ, "ಶುರು ಮಾಡೀರೇನ್ರಿ?" ಎಂದರು.

"ಹೂನ್ರಿ ಸಾಹೇಬ್ರ, ಸೋಮವಾರನ ಬೋಣಿಗಿ ಆತು" ಎಂದಳು ತಂಗಿ, ಸಂಭ್ರಮದಿಂದ.

ಸಾಹೇಬರ ಪೆನ್ನು ನಿಂತಿತು. "ಇನ್ನೂ ಶುರು ಆಗದಿರೋ ಘಟಕಕ್ಕಷ್ಟ ಕೊಡೋದ್ರಿ ಇದು. ನಿಮ್ದು ನಡಿಯೋ ಘಟಕ ಆತಲ್ರಿ."

"ಬರೇ ಹತ್ತು ರೊಟ್ಟಿರಿ ಸಾಹೇಬ್ರ" ಎಂದೆ ನಾನು.

"ಒಂದು ಮಾರಿದ್ರೂ ಅಷ್ಟರಿ ಯಜಮಾನ್ರ. ನಾನೇನು ಮಾಡ್ಲಿ?"

ತಂಗಿ ನನ್ನ ಮುಖ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಒಳಗೆ ಹೋಗಿ ಸಾಹೇಬರಿಗೆ ಚಹಾ ತಂದಳು.

ಹದಿನೈದು ದಿನಕ್ಕೆ ಅರ್ಜಿ ತಿರಸ್ಕೃತವಾಗಿ ಬಂತು. ಮಷಿನ್ ದಾವಣಗೆರೆಗೆ ವಾಪಸ್ ಹೋಯಿತು. ತಂಗಿ ಮತ್ತೆ ಅದೇ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಾಳೆ, ಎಡಗೈಯಲ್ಲಿ.